ಪಕ್ಷಿತಜ್ಞ ಡಾ. ಸಲೀಂ ಅಲಿ (1896–1987): ಜೀವನ ಹಾಗೂ ಜೌಗು ಪ್ರದೇಶಗಳ ರಕ್ಷಣಾ ಕಾರ್ಯ

ಭಾರತದ ಪಕ್ಷಿಗಳ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಡಾ. ಸಲೀಂ ಅಲಿ ಅವರು ಅಗ್ರಗಣ್ಯರು. ಅವರ ಪೂರ್ಣ ಹೆಸರು ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ. ನಮ್ಮ ರಾಜ್ಯದ ರಂಗನತಿಟ್ಟು ಪಕ್ಷಿಧಾಮವು 1940ರಲ್ಲಿ ಘೋಷಣೆಯಾದುದು ಅವರ ಸಲಹೆಯ ಮೇರೆಗೆ. ಅವರನ್ನು ಪಕ್ಷಿಶಾಸ್ತ್ರಜ್ಞರೆಂದು ಎಲ್ಲರೂ ಬಲ್ಲರು. ಆದರೆ ಅವರ ಜೀವಿತದ ಮಹತ್ವದ ಕಾರ್ಯಗಳಲ್ಲಿ ಹಲವು ಯಾವುದೇ ಸಂಬಳವಿಲ್ಲದೆ, ಸ್ವಯಂಸೇವೆಯಾಗಿ ನಡೆದವು ಎಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಂತಹ, ನದಿ ಮತ್ತು ಹಿನ್ನೀರು ಸೇರಿ ಹೊಸ ಹಕ್ಕಿತಾಣಗಳು ಉಂಟಾಗಿರುವ ಪ್ರದೇಶಗಳ ಜನತೆಗೆ ಈ ಭಾಗವು ವಿಶೇಷವಾಗಿ ಉಪಯುಕ್ತವಾದುದರಿಂದ ಇಲ್ಲಿ ಅದನ್ನು ತುಸು ವಿಸ್ತಾರವಾಗಿ ನಿರೂಪಿಸಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಸಲೀಂ ಅಲಿ ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮಕ್ಕಳಲ್ಲಿ ಅವರೇ ಕಿರಿಯರು. ಒಂದು ವರ್ಷದ ಕೂಸಾಗಿದ್ದಾಗ ತಂದೆಯನ್ನೂ, ಮೂರು ವರ್ಷ ತುಂಬುವ ಹೊತ್ತಿಗೆ ತಾಯಿಯನ್ನೂ ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಬ್ಬಲಿ ಮಕ್ಕಳನ್ನು ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿ ಬೆಳೆಸಿದರು. ಸೋದರಮಾವ ಬೇಟೆಗಾರರು, ಹುಡುಗನಿಗೆ ಆಟಿಕೆಯ ಏರ್‌ಗನ್ ಒಂದನ್ನು ಕೊಡಿಸಿದ್ದರು. ಸುಮಾರು ಹತ್ತು ವರ್ಷದವನಿದ್ದಾಗ ಆ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡುಬಂದಿತು. ಅಂತಹ ಗುಬ್ಬಿಯನ್ನು ತಿನ್ನಬಹುದೇ ಎಂಬ ಸಂಶಯ ಹುಡುಗನಿಗೆ. ಸೋದರಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯದೆ, ತಾವು ಸದಸ್ಯರಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹುಡುಗನನ್ನು ಕಳುಹಿಸಿದರು. ಸಂಸ್ಥೆಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರು ಆ ಹಕ್ಕಿಯ ಹೆಸರನ್ನು ತಿಳಿಸಿದ್ದಲ್ಲದೆ, ಬೀರುಗಳಲ್ಲಿ ಸಾಲಾಗಿ ಇರಿಸಿದ್ದ ಪಕ್ಷಿಗಳ ಮಾದರಿಗಳನ್ನು ತೆರೆದು ತೋರಿಸಿದರು, ಓದಲು ಪುಸ್ತಕಗಳನ್ನೂ ಕೊಟ್ಟರು. 1883ರಲ್ಲಿ ಹವ್ಯಾಸಿಗಳು ಸೇರಿ ಕಟ್ಟಿದ ಸಂಸ್ಥೆಯದು. ಸಲೀಂ ಅಲಿ ಅವರ ಮುಂದಿನ ಬದುಕೆಲ್ಲ ಅದರೊಂದಿಗೇ ಹೆಣೆದುಕೊಂಡಿತು.

ಕಾಲೇಜು ಶಿಕ್ಷಣ ಅವರಿಗೆ ಒಗ್ಗಲಿಲ್ಲ. 1914ರಲ್ಲಿ ಕುಟುಂಬದ ಗಣಿ ಹಾಗೂ ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ತೆರಳಿದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಅಲೆದಾಟವೇ ಹೆಚ್ಚಾಯಿತು. 1917ರಲ್ಲಿ ಹಿಂದಿರುಗಿ ವಾಣಿಜ್ಯ ವಿಷಯದೊಂದಿಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಅಭ್ಯಸಿಸಿದರು. ಆದರೆ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆಯಲಿಲ್ಲ. 1918ರ ಡಿಸೆಂಬರ್‌ನಲ್ಲಿ ತೆಹಮೀನಾ ಅವರೊಂದಿಗೆ ವಿವಾಹವಾಯಿತು. ಪದವಿಯಿಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಕ್ಷಿತಜ್ಞರ ಹುದ್ದೆಯೂ ಕೈತಪ್ಪಿತು. ಅವರ ಹೆಸರಿನ ಹಿಂದಿರುವ ಡಾಕ್ಟರ್ ಎಂಬ ಬಿರುದು ಗೌರವ ಪದವಿಗಳಿಂದ ಬಂದುದಾಗಿದೆ.

ಉದ್ಯೋಗ ನಷ್ಟ ಮತ್ತು ಕಡಲ ತೀರದ ವಾಸ

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ವೀಕ್ಷಕರಿಗೆ ವಿವರಣೆ ನೀಡುವ ಉಪನ್ಯಾಸಕರ ಹುದ್ದೆ ದೊರೆಯಿತು. ಎರಡು ವರ್ಷಗಳ ನಂತರ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಪ್ರೊ. ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಶಾಸ್ತ್ರೀಯ ತರಬೇತಿ ಪಡೆದರು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯನ್ನು ಪತ್ತೆಹಚ್ಚುವ ಕ್ರಮವನ್ನು ಅವರು ಹೆಲಿಗೊಲ್ಯಾಂಡ್ ದ್ವೀಪದಲ್ಲಿ ಕಂಡರು. ಆದರೆ 1930ರಲ್ಲಿ ಹಿಂದಿರುಗುವಷ್ಟರಲ್ಲಿ ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು.

ಮೂವತ್ತಮೂರು ವರ್ಷ ವಯಸ್ಸು, ಪದವಿಯಿಲ್ಲ, ಉದ್ಯೋಗವಿಲ್ಲ. ಮುಂಬಯಿಯಲ್ಲಿ ಸಂಸಾರ ನಡೆಸುವುದು ದುಬಾರಿಯಾದುದರಿಂದ ದಂಪತಿಗಳು ಕೊಲ್ಲಿಯಾಚೆಯ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ತೆರಳಿದರು. ಮನೆಯ ಹತ್ತಿರವೇ ಗೀಜಗ ಹಕ್ಕಿಗಳ ಗೂಡುಗಳು ತೂಗಾಡುತ್ತಿದ್ದವು. ಸಲೀಂ ಅಲಿ ಅವರು ಮಳೆಗಾಲದ ತಿಂಗಳುಗಳಲ್ಲಿ ಮರೆಯೊಂದರಲ್ಲಿ ಕುಳಿತು ದಿನವೂ ಅವುಗಳನ್ನು ಗಮನಿಸತೊಡಗಿದರು. ಗೂಡು ನೇಯುವುದು ಗಂಡುಹಕ್ಕಿಯ ಕೆಲಸ. ಅರ್ಧ ನೇಯ್ದ ಗೂಡುಗಳನ್ನು ಹೆಣ್ಣುಗಳು ಬಂದು ಪರೀಕ್ಷಿಸಿ, ಒಪ್ಪಿದರೆ ಮಾತ್ರ ನೆಲೆಸುತ್ತವೆ. ಒಂದು ಹೆಣ್ಣು ಮೊಟ್ಟೆಯಿಟ್ಟು ಕುಳಿತೊಡನೆ ಗಂಡು ಮತ್ತೊಂದು ಗೂಡನ್ನು ಆರಂಭಿಸುತ್ತದೆ ಎಂಬ ಸಂಗತಿಗಳು ಈ ವೀಕ್ಷಣೆಯಿಂದ ಸ್ಪಷ್ಟವಾದವು. ಮಗ್ಗದ ಊರುಗಳಾದ ರಬಕವಿ-ಬನಹಟ್ಟಿಯಲ್ಲಿ ಗೀಜಗನ ಗೂಡಿನ ಕುಸುರಿಯನ್ನು ಮೆಚ್ಚದವರಿಲ್ಲ. ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ನಿಂತುಬಿಡುವ ಕಾರಣ ಮಾತ್ರ ಈ ಅಧ್ಯಯನದಿಂದಲೇ ಹೊರಬಿದ್ದಿತು. ಇದಕ್ಕೆ ಯಾವ ಅನುದಾನವೂ ಇರಲಿಲ್ಲ. 1931ರಲ್ಲಿ ಪ್ರಕಟವಾದ ಈ ಲೇಖನವು ಅವರಿಗೆ ಪಕ್ಷಿತಜ್ಞರ ನಡುವೆ ಹೆಸರನ್ನು ತಂದಿತು.

ವೇತನವಿಲ್ಲದ ಸಮೀಕ್ಷೆಗಳು

ಅದೇ ವೇಳೆಗೆ ಸಲೀಂ ಅಲಿ ಅವರು ಸೊಸೈಟಿಯ ಮುಂದೆ ಒಂದು ಪ್ರಸ್ತಾವನೆಯನ್ನು ಇರಿಸಿದರು. ದೇಶೀಯ ಸಂಸ್ಥಾನಗಳ ಪಕ್ಷಿಗಳ ಬಗೆಗೆ ಕ್ರಮಬದ್ಧವಾದ ದಾಖಲೆಗಳಿರಲಿಲ್ಲ. ಶಿಬಿರ ಮತ್ತು ಪ್ರಯಾಣದ ಖರ್ಚನ್ನು ಆಯಾ ಸಂಸ್ಥಾನವು ವಹಿಸಿಕೊಂಡರೆ ತಾವು ಸಂಬಳ ಪಡೆಯದೆ ಸಮೀಕ್ಷೆ ನಡೆಸಿಕೊಡುವುದಾಗಿ ಅವರು ತಿಳಿಸಿದರು. ಈ ಕರಾರಿನಂತೆ 1931ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಕಾರ್ಯ ಆರಂಭವಾಯಿತು. ಬೀದರ್, ಕಲಬುರಗಿ, ರಾಯಚೂರು ಅಂದು ಆ ಸಂಸ್ಥಾನಕ್ಕೇ ಸೇರಿದ್ದವು. ತರುವಾಯ ತಿರುವಾಂಕೂರು ಮತ್ತು ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್, ಕಡೆಗೆ ಮೈಸೂರು. ಜಮಖಂಡಿ ಮತ್ತು ಮುಧೋಳಗಳು ಆಗ ಪ್ರತ್ಯೇಕ ಚಿಕ್ಕ ಸಂಸ್ಥಾನಗಳಾಗಿದ್ದು, ಮುಂಬಯಿ ಪ್ರಾಂತದ ನಡುವೆ, ಹೈದರಾಬಾದಿಗೂ ಮೈಸೂರಿಗೂ ದೂರವಾಗಿ ಉಳಿದಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು.

ಎತ್ತಿನ ಬಂಡಿ, ಡೇರೆ, ನಸುಕಿನಲ್ಲೇ ಹೊರಡುವ ನಡಿಗೆ, ಸಂಜೆ ಲಾಂದ್ರದ ಬೆಳಕಿನಲ್ಲಿ ಟಿಪ್ಪಣಿ. ಹೀಗೆ ಈ ಸಮೀಕ್ಷೆಗಳು ನಡೆದವು. ಶಿಬಿರದ ವ್ಯವಸ್ಥೆಯಲ್ಲಿ ತೆಹಮೀನಾ ಅವರು ಜೊತೆಗಿರುತ್ತಿದ್ದರು. ಅಂದಿನ ಪದ್ಧತಿಯಂತೆ ಹಕ್ಕಿಗಳನ್ನು ಕೋವಿಯಿಂದ ಹೊಡೆದು ಮಾದರಿಗಳನ್ನು ಸಂಗ್ರಹಿಸಲಾಗುತ್ತಿತ್ತು ಎಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಆದರೆ ಸತ್ತ ಹಕ್ಕಿಯ ಅಳತೆಗಿಂತ ಜೀವಂತ ಹಕ್ಕಿಯ ಆಹಾರ, ಗೂಡು, ನೆಲೆಗಳ ವಿವರಗಳಿಗೆ ಅವರು ಹೆಚ್ಚು ಬೆಲೆ ಕೊಟ್ಟರು. ಹಕ್ಕಿಯನ್ನು ಉಳಿಸಬೇಕಾದರೆ ಅದರ ನೆಲೆಯನ್ನು ಉಳಿಸಬೇಕು ಎಂಬ, ಇಂದು ಸಾಮಾನ್ಯವೆನಿಸುವ ತಿಳಿವಳಿಕೆ ಅವರಲ್ಲಿ ಬೇರೂರಿದುದು ಈ ಅಲೆದಾಟಗಳಲ್ಲಿ.

1939ರಲ್ಲಿ ತೆಹಮೀನಾ ಅವರು ಚಿಕ್ಕ ಶಸ್ತ್ರಚಿಕಿತ್ಸೆಯೊಂದರ ನಂತರ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿ ಅವರು ಮರುವಿವಾಹವಾಗಲಿಲ್ಲ. ಸೋದರಿಯ ಮನೆಯೇ ಅವರಿಗೆ ಆಸರೆಯಾಯಿತು. ಈ ದುಃಖದ ಬೆನ್ನಿಗೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಕೈಗೊಂಡರು.

ರಂಗನತಿಟ್ಟು

ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಗೆ 17ನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಅಡ್ಡಲಾಗಿ ಒಡ್ಡೊಂದನ್ನು ಕಟ್ಟಲಾಯಿತು. ಅದರ ಫಲವಾಗಿ ಮೇಲ್ಭಾಗದಲ್ಲಿ ನೀರು ನಿಂತು ಕೆಲವು ಚಿಕ್ಕ ತಿಟ್ಟುಗಳು ಉಂಟಾದವು. ನೀರಿನಿಂದ ಸುತ್ತುವರಿದು, ಮೊಸಳೆಗಳ ಕಾವಲಿರುವ ಇಂತಹ ತಿಟ್ಟು ಹಕ್ಕಿಗಳಿಗೆ ಗೂಡುಕಟ್ಟಲು ಅತ್ಯಂತ ಸುರಕ್ಷಿತ. ನರಿ, ಕಾಡುಬೆಕ್ಕುಗಳು ಅಲ್ಲಿಗೆ ಸುಲಭವಾಗಿ ತಲುಪಲಾರವು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಇಲ್ಲಿ ಒತ್ತೊತ್ತಾಗಿ ಗೂಡುಕಟ್ಟಿ ಮರಿಮಾಡುವುದನ್ನು ಸಲೀಂ ಅಲಿ ಅವರು ಸಮೀಕ್ಷೆಯ ಸಂದರ್ಭದಲ್ಲಿ ಗುರುತಿಸಿದರು. ಈ ತಿಟ್ಟುಗಳಿಗೆ ರಕ್ಷಣೆ ನೀಡುವಂತೆ ಮೈಸೂರು ಮಹಾರಾಜರ ಸರ್ಕಾರಕ್ಕೆ ಸಲಹೆಯಿತ್ತರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ.

ರಂಗನತಿಟ್ಟಿನ ಪ್ರಕರಣದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ನೆಲೆಯನ್ನು ಪ್ರಕೃತಿ ತಾನಾಗಿಯೇ ಕೊಟ್ಟುದಲ್ಲ. ವ್ಯವಸಾಯಕ್ಕೆಂದು ಮನುಷ್ಯರು ಕಟ್ಟಿದ ಒಡ್ಡಿನಿಂದಲೇ ಅದು ಹುಟ್ಟಿತು, ಹಕ್ಕಿಗಳು ಅದನ್ನು ತಮ್ಮದಾಗಿಸಿಕೊಂಡವು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳ ಅಂಚು ಕೊಚ್ಚಿಹೋಗುವುದುಂಟು. ಮರಳುಚೀಲಗಳನ್ನು ಪೇರಿಸಿ ಅಂಚನ್ನು ಭದ್ರಪಡಿಸಬೇಕಾಗುತ್ತದೆ. ಘೋಷಣೆ ಒಂದು ದಿನದ ಕೆಲಸ, ನೆಲೆಯ ದುರಸ್ತಿ ಮುಗಿಯದ ಕೆಲಸ. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್‌ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಕರಾವಳಿಯ ಅಘನಾಶಿನಿ ಅಳಿವೆಗಳೂ ಆ ಪಟ್ಟಿಗೆ ಸೇರಿದವು.

ಮೈಸೂರು ಸಮೀಕ್ಷೆಯ ವರದಿಯು ಹ್ಯೂ ವಿಸ್ಲರ್ ಅವರ ಸಹಕಾರದೊಂದಿಗೆ 1942–43ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ 1941ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಭಾರತದ ಪಕ್ಷಿಗಳ ಸಚಿತ್ರ ಕೈಪಿಡಿ ಹೊರಬಂದು, ದೇಶದಲ್ಲಿ ಹವ್ಯಾಸಿ ಪಕ್ಷಿವೀಕ್ಷಕರ ತಲೆಮಾರುಗಳನ್ನೇ ಬೆಳೆಸಿತು.

ಭರತಪುರ: ಗೆಲುವು ಮತ್ತು ಅದರ ಇನ್ನೊಂದು ಮುಖ

ರಾಜಸ್ಥಾನದ ಭರತಪುರದ ಕೇವಲಾದೇವ ಜೌಗು ಪ್ರದೇಶವೂ ಮನುಷ್ಯರೇ ಕಾಲುವೆ-ಏರಿಗಳಿಂದ ರೂಪಿಸಿದುದು. ಅದರ ಉದ್ದೇಶ ಬಾತುಕೋಳಿ ಬೇಟೆ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಕೊಲ್ಲಲಾಯಿತು. ಸ್ವಾತಂತ್ರ್ಯಾನಂತರ ಈ ನೀರನ್ನು ಬರಿದುಮಾಡಿ ಭೂಮಿಯನ್ನು ಬೇಸಾಯಕ್ಕೆ ಹಂಚಬೇಕೆಂಬ ಒತ್ತಾಯ ಬಂದಿತು. ಅನ್ನದ ಅಭಾವದ ದಿನಗಳಲ್ಲಿ ಅದು ಅಸಮಂಜಸವಾದ ಬೇಡಿಕೆಯೇನೂ ಆಗಿರಲಿಲ್ಲ. ಸಲೀಂ ಅಲಿ ಅವರು ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಆ ಸ್ಥಳದ ಮಹತ್ವವನ್ನು ಮನಗಾಣಿಸಿದರು. 1956ರಲ್ಲಿ ಅದು ಪಕ್ಷಿಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವೂ ಆಯಿತು.

1982ರಲ್ಲಿ ಉದ್ಯಾನದೊಳಗೆ ಎಮ್ಮೆ ಮೇಯಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಯಿತು. ಸಲೀಂ ಅಲಿ ಅವರ ಅಭಿಪ್ರಾಯವೂ ನಿಷೇಧದ ಪರವಾಗಿತ್ತು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು, ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ಆದರೆ ಅವರದೇ ಸೊಸೈಟಿಯು ಅಲ್ಲಿ ಹಲವು ವರ್ಷ ನಡೆಸಿದ ಅಧ್ಯಯನವು ಬೇರೆಯೇ ಚಿತ್ರವನ್ನು ತೋರಿಸಿತು. ಎಮ್ಮೆಗಳು ಮೇಯುತ್ತಿದ್ದುದರಿಂದಲೇ ನೀರಿನ ಹುಲ್ಲು ಹತೋಟಿಯಲ್ಲಿತ್ತು. ಅವು ಇಲ್ಲವಾದೊಡನೆ ಹುಲ್ಲು ದಟ್ಟವಾಗಿ ಹಬ್ಬಿ, ತೆರೆದ ನೀರು ಕಡಿಮೆಯಾಗಿ, ಬಾತುಗಳಿಗೂ ಮೀನುಗಳಿಗೂ ತೊಡಕಾಯಿತು. ದೊಡ್ಡ ವಿಜ್ಞಾನಿಯ ಅಂದಾಜು ತಪ್ಪಿದ ಪ್ರಸಂಗವಿದು. ಆ ತಪ್ಪನ್ನು ಎತ್ತಿ ತೋರಿಸಿದುದು ಅವರು ಬೆಳೆಸಿದ ಸಂಸ್ಥೆಯ ಅಧ್ಯಯನವೇ ಎಂಬುದೂ ಅಷ್ಟೇ ನಿಜ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡುಕಟ್ಟುತ್ತವೆ, ಗ್ರಾಮಸ್ಥರೇ ಕಾವಲುಗಾರರು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಗ್ರಾಮವನ್ನು ಹೊರಜಗತ್ತಿನ ಗಮನಕ್ಕೆ ತಂದರು.

ವಲಸೆ ಹಕ್ಕಿಗಳ ಅಧ್ಯಯನ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಬಲಿತೆಗೆದುಕೊಂಡ ಜ್ವರವೊಂದು ಕಾಣಿಸಿಕೊಂಡಿತು. ಅದೇ ಮಂಗನ ಕಾಯಿಲೆ. ಇದರ ವೈರಾಣು ರಷ್ಯಾದ ಕೆಲವು ವೈರಾಣುಗಳನ್ನು ಹೋಲುತ್ತಿದ್ದುದರಿಂದ, ಉಣ್ಣೆಗಳ ಮೂಲಕ ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಶಂಕೆ ಮೂಡಿತು. ಈ ಶಂಕೆಯ ಪರಿಶೀಲನೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿ ಅವರ ನೇತೃತ್ವದಲ್ಲಿ ಸೊಸೈಟಿಯು ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಭರತಪುರದಲ್ಲಿಯೂ, ತಮಿಳುನಾಡಿನ ಕರಾವಳಿಯ ಕೋಡಿಯಕ್ಕರೆಯ ಜೌಗು ಪ್ರದೇಶದಲ್ಲಿಯೂ ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಲಾಯಿತು. ಮಲೆನಾಡಿನ ರೋಗವೊಂದು ಭಾರತದ ಹಕ್ಕಿವಲಸೆಯ ಅರಿವಿಗೆ ದಾರಿಯಾದುದು ಅಪರೂಪದ ಸಂಗತಿ. ಎಸ್. ಡಿಲ್ಲನ್ ರಿಪ್ಲೆ ಅವರೊಂದಿಗೆ ರಚಿಸಿದ, ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳನ್ನು ಕುರಿತ 10 ಸಂಪುಟಗಳ ಕೃತಿಯು 1968ರಿಂದ 1974ರ ಅವಧಿಯಲ್ಲಿ ಪ್ರಕಟವಾಯಿತು.

ಎರೆಭೂತವನ್ನು ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದು ಅವರು ವಾದಿಸಿದ್ದರು. 1963ರಲ್ಲಿ ನವಿಲಿಗೆ ಆ ಸ್ಥಾನ ದೊರೆಯಿತು. ಬಯಲುಸೀಮೆಯ ಎರೆಹೊಲಗಳ ಆ ಹಕ್ಕಿ ಇಂದು ಅಳಿವಿನ ಅಂಚಿನಲ್ಲಿದೆ.

ಪ್ರಶಸ್ತಿಗಳು ಮತ್ತು ಕೊನೆಯ ದಿನಗಳು

ಅವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1976ರಲ್ಲಿ ಬಂದ ಪಾಲ್ ಗೆಟ್ಟಿ ವನ್ಯಜೀವಿ ಪ್ರಶಸ್ತಿಯ 50,000 ಡಾಲರ್ ಹಣವನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಮೂಲಧನವಾಗಿ ನೀಡಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, ತಮ್ಮ 90ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಕೊಯಮತ್ತೂರಿನಲ್ಲಿ 1990ರಲ್ಲಿ ಸ್ಥಾಪನೆಯಾದ ಪಕ್ಷಿ ಸಂಶೋಧನಾ ಕೇಂದ್ರಕ್ಕೂ, ಗೋವಾದ ಮಾಂಡವಿ ನದಿಯ ಚೋರಾವ್ ದ್ವೀಪದಲ್ಲಿ ಕಾಂಡ್ಲಾ ವನಗಳ ನಡುವಿರುವ ಪಕ್ಷಿಧಾಮಕ್ಕೂ ಅವರ ಹೆಸರನ್ನಿಡಲಾಗಿದೆ.

ಬಾಗಲಕೋಟೆ ಜಿಲ್ಲೆಯ ನೀರುಹಕ್ಕಿಗಳು

ಸಲೀಂ ಅಲಿ ಅವರು ತೀರಿಕೊಂಡ ವರ್ಷದ ಜನವರಿಯಲ್ಲಿಯೇ ಭಾರತ ಉಪಖಂಡದಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾಗಿತ್ತು. ಈ ಗಣತಿ ಸ್ವಯಂಸೇವಕರಿಂದಲೇ ನಡೆಯುವಂತಹುದು. ಆಗ ಕೃಷ್ಣಾ ತೀರದ ಚಿತ್ರ ಇಂದಿನದಾಗಿರಲಿಲ್ಲ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡ ಅವರ ಮುಂದಾಳ್ತನದಲ್ಲಿ ತಮ್ಮದೇ ಹಣ ಮತ್ತು ಶ್ರಮದಾನದಿಂದ ಚಿಕ್ಕಪಡಸಲಗಿ ಬ್ಯಾರೇಜನ್ನು ಕಟ್ಟಿದರು. ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿಯಲ್ಲಿ ನೀರು ನಿಂತಿತು. ತರುವಾಯ ಆಲಮಟ್ಟಿ ಜಲಾಶಯವು ತುಂಬಿ, ಬೀಳಗಿ ತಾಲ್ಲೂಕಿನ ಅನೇಕ ಗ್ರಾಮಗಳು ಮುಳುಗಡೆಯಾದವು. ಹಕ್ಕಿಗಳು ಬಂದವೆಂದು ಸಂತೋಷಪಡುವಾಗ, ಆ ನೀರಿನಡಿಯಲ್ಲಿ ಜನರ ಮನೆ-ಹೊಲಗಳಿವೆ ಎಂಬುದು ಮರೆಯುವ ಮಾತಲ್ಲ.

ಘಟಪ್ರಭೆಯು ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಸುತ್ತಮುತ್ತ ಹಿನ್ನೀರು ವಿಶಾಲವಾಗಿ ಹರಡುತ್ತದೆ. ಮಳೆಗಾಲದಲ್ಲಿ ತುಂಬುವ ಜಲಾಶಯವು ಚಳಿಗಾಲದಿಂದ ಇಳಿಯತೊಡಗಿದಾಗ ಅಂಚಿನಲ್ಲಿ ತೆಳುನೀರು ಮತ್ತು ಕೆಸರಿನ ಬಯಲು ಹೊರಬೀಳುತ್ತದೆ. ಉದ್ದ ಕಾಲಿನ ರಾಜಹಂಸಗಳು ಮತ್ತು ಚಿಕ್ಕ ಕೆಸರುಹಕ್ಕಿಗಳು ಬಯಸುವುದು ಇದನ್ನೇ. ಆಳವಾದ ನೀರು ಅವುಗಳಿಗೆ ಪ್ರಯೋಜನವಿಲ್ಲ. ಗೀರುತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಕೆರೆಗಳಲ್ಲಿ ತಂಗಿ, ಹತ್ತಿರದ ಹೊಲಗಳಲ್ಲಿ ಮೇಯುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಮುಧೋಳದಿಂದ ಮೇಲಕ್ಕೆ, ಗೋಕಾಕ ತಾಲ್ಲೂಕಿನ ಧೂಪದಾಳ ಒಡ್ಡಿನ ಹಿನ್ನೀರು 1974ರಿಂದಲೇ ಘಟಪ್ರಭಾ ಪಕ್ಷಿಧಾಮವಾಗಿದೆ. ನೀರಿನಿಂದ ದೂರದ ಒಣಗುಡ್ಡಗಳಲ್ಲಿ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವೆ, ಯಡಹಳ್ಳಿ ಚಿಂಕಾರ ವನ್ಯಧಾಮವಿದೆ.

ನೀರುಹಕ್ಕಿ ಗಣತಿಯು ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಪದವಿಯ ಅವಶ್ಯಕತೆಯಿಲ್ಲ, ದುರ್ಬೀನು, ಟಿಪ್ಪಣಿ ಪುಸ್ತಕ ಮತ್ತು ಹಕ್ಕಿಗಳ ಗುರುತು ಬಲ್ಲ ಒಬ್ಬರ ಜೊತೆಗಾರಿಕೆ ಇದ್ದರೆ ಸಾಕು. ಬೆಳಗಿನ ಹೊತ್ತು ಸೂರ್ಯನಿಗೆ ಬೆನ್ನುಮಾಡಿ ನಿಂತು, ಮೊದಲು ಗುಂಪಿನ ಒಂದು ಭಾಗವನ್ನು ಎಣಿಸಿ, ಅದೇ ಅಳತೆಯಲ್ಲಿ ಇಡೀ ಗುಂಪನ್ನು ಅಂದಾಜು ಮಾಡಲಾಗುತ್ತದೆ. ನೀರು ಎಷ್ಟಿದೆ, ಬಲೆ ಹಾಸಿದ್ದಾರೆಯೇ, ಅಂಚಿನಲ್ಲಿ ಬೆಳೆ ಇದೆಯೇ, ದನ ಮೇಯುತ್ತಿವೆಯೇ, ಜಾಲಿ ಅಥವಾ ಅಂತರಗಂಗೆ ಹಬ್ಬಿದೆಯೇ ಎಂಬುದನ್ನೂ ಬರೆದುಕೊಳ್ಳಲಾಗುತ್ತದೆ. ಅದೇ ಸ್ಥಳದಲ್ಲಿ, ಅದೇ ತಿಂಗಳಲ್ಲಿ, ವರ್ಷದಿಂದ ವರ್ಷಕ್ಕೆ ಎಣಿಸಿದಾಗ ಮಾತ್ರ ಹಕ್ಕಿಗಳ ಏರಿಳಿತ ತಿಳಿದುಬರುತ್ತದೆ. ಅಂಚಿನಲ್ಲಿ ಮರ ನೆಡಬೇಕೇ, ಕಳೆ ತೆಗೆಯಬೇಕೇ ಅಥವಾ ಏನನ್ನೂ ಮುಟ್ಟದೆ ಬಿಡಬೇಕೇ ಎಂಬ ನಿರ್ಧಾರಕ್ಕೆ ಈ ಪಟ್ಟಿಗಳೇ ಆಧಾರವಾಗುತ್ತವೆ. ಸಲೀಂ ಅಲಿ ಅವರ ಜನ್ಮದಿನವಾದ ನವೆಂಬರ್ 12ನ್ನು ದೇಶದಾದ್ಯಂತ ಪಕ್ಷಿವೀಕ್ಷಣಾ ದಿನವಾಗಿ ಆಚರಿಸಲಾಗುತ್ತಿದ್ದು, ಆ ಹೊತ್ತಿಗೆ ವಲಸೆ ಹಕ್ಕಿಗಳ ಮೊದಲ ಗುಂಪುಗಳು ಬಂದಿಳಿಯತೊಡಗಿರುತ್ತವೆ.